ಅಂತೋನಿಯೊ ಮೊಸ್ಕೇನಿ

ಅಂತೋನಿಯೊ ಮೊಸ್ಕೇನಿ (1854–1905) ಇಟಲಿಯ ಚಿತ್ರಕಾರರು ಹಾಗೂ ಯೇಸುಸಭೆಯ (ಜೆಸ್ವಿಟ್ ಸಂಘದ) ಧಾರ್ಮಿಕ ಸಹೋದರರು. ಮಂಗಳೂರಿನ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನಲ್ಲಿ 1899ರಿಂದ 1901ರವರೆಗೆ ಅವರು ರಚಿಸಿದ ಭಿತ್ತಿಚಿತ್ರಗಳು ಮತ್ತು ಮೇಲ್ಛಾವಣಿಯ ಚಿತ್ರಗಳು ಕರ್ನಾಟಕದ ಕ್ರೈಸ್ತ ಕಲೆಯ ಅತ್ಯಂತ ಪ್ರಸಿದ್ಧ ಕೃತಿಗಳಲ್ಲಿ ಸೇರುತ್ತವೆ. ಯುರೋಪಿನ ಹಳೆಯ ಚರ್ಚುಗಳಲ್ಲಿ ಮರ, ಕಲ್ಲು ಮತ್ತು ಗಾರೆಯಲ್ಲಿ ಕಡೆದು ಬಣ್ಣ ಹಚ್ಚುತ್ತಿದ್ದ ಅಲಂಕಾರಗಳನ್ನು ಅವರು ಮಂಗಳೂರಿನಲ್ಲಿ ಕೇವಲ ಬಣ್ಣದಿಂದ ಸಾಧಿಸಿದರು. ಹೆಸರನ್ನು ಕನ್ನಡದಲ್ಲಿ ಮೊಸ್ಚೆನಿ ಎಂದೂ ಬರೆಯುವುದುಂಟು.

ಬಾಲ್ಯ ಮತ್ತು ಕಲಾಶಿಕ್ಷಣ

ಮೊಸ್ಕೇನಿಯವರು 1854ರ ಜನವರಿಯಲ್ಲಿ ಉತ್ತರ ಇಟಲಿಯ ಬೆರ್ಗಾಮೊ ನಗರಕ್ಕೆ ಸಮೀಪದ ಸ್ತೆತ್ಸಾನೊ ಎಂಬ ಊರಿನಲ್ಲಿ ಜನಿಸಿದರು. ಚಿತ್ರಕಲೆಯಲ್ಲಿ ಅವರಿಗಿದ್ದ ಒಲವು ಅವರನ್ನು ಬೆರ್ಗಾಮೊದ ಕರ್ರಾರಾ ಕಲಾಶಾಲೆಗೆ ಕರೆದೊಯ್ದಿತು. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಸ್ಥಾಪಿತವಾದ ಈ ಸಂಸ್ಥೆಯು ಶಾಲೆಯೂ ಹೌದು, ಹಳೆಯ ಗುರುಗಳ ಕೃತಿಗಳ ಸಂಗ್ರಹಾಲಯವೂ ಹೌದು. ಅಲ್ಲಿ ಎನ್ರಿಕೊ ಸ್ಕೂರಿ ಎಂಬ ಚಿತ್ರಕಾರರು ಅವರಿಗೆ ಗುರುಗಳಾಗಿದ್ದರು.

ಬೆರ್ಗಾಮೊ ಪರಿಸರದ ಕಲಾಪರಂಪರೆಯನ್ನು ಅರಿತರೆ ಮೊಸ್ಕೇನಿಯವರ ಮುಂದಿನ ಕೆಲಸ ಸುಲಭವಾಗಿ ಅರ್ಥವಾಗುತ್ತದೆ. ಆ ನಗರದ ಸಾಂತಾ ಮರಿಯಾ ಮಜ್ಜೋರೆ ಚರ್ಚಿನಲ್ಲಿ ಲೊರೆಂಜೊ ಲೊತ್ತೊ ಎಂಬ ಚಿತ್ರಕಾರನ ರೇಖಾಚಿತ್ರಗಳನ್ನು ಅನುಸರಿಸಿ, ಬಗೆಬಗೆಯ ವರ್ಣದ ಮರದ ತುಣುಕುಗಳನ್ನು ಜೋಡಿಸಿ ಮಾಡಿದ ಹದಿನಾರನೆಯ ಶತಮಾನದ ಫಲಕಗಳಿವೆ. ಅದೇ ಚರ್ಚಿನಲ್ಲಿ ಅಂದ್ರೆಯಾ ಫಂತೋನಿ ಎಂಬ ಶಿಲ್ಪಿ ಮರದಲ್ಲಿ ಕೆತ್ತಿದ ಪಾಪನಿವೇದನೆಯ ಪೀಠವಿದೆ. ಫಂತೋನಿ ಮನೆತನದವರು ಬೆರ್ಗಾಮೊದ ಬೆಟ್ಟದ ಊರುಗಳಲ್ಲಿ ತಲೆಮಾರುಗಳ ಕಾಲ ಮರದ ಕೆತ್ತನೆಯನ್ನೇ ಕಸುಬಾಗಿಸಿಕೊಂಡಿದ್ದವರು. ಪಕ್ಕದಲ್ಲೇ ಇರುವ ಕೊಲ್ಲಿಯೋನಿ ಚಾಪೆಲ್‌ನಲ್ಲಿ ಜಾನ್‌ಬತ್ತಿಸ್ತಾ ತಿಯೆಪೊಲೊ ರಚಿಸಿದ ಭಿತ್ತಿಚಿತ್ರಗಳಿವೆ. ಹೀಗೆ ಕೆತ್ತನೆ, ಬಣ್ಣ ಮತ್ತು ಕಟ್ಟಡ ಈ ಮೂರೂ ಒಂದೇ ಕಲೆಯ ಅಂಗಗಳಾಗಿ ಬೆಳೆದ ಊರು ಬೆರ್ಗಾಮೊ.

ಶಿಕ್ಷಣದ ತರುವಾಯ ಮೊಸ್ಕೇನಿಯವರು ರೋಮಿಗೆ ಹೋಗಿ ವ್ಯಾಟಿಕನ್ನಿನ ಕಲಾಕೃತಿಗಳನ್ನು ಅಭ್ಯಾಸ ಮಾಡಿದರು. ಮರಳಿ ಬಂದು ಬೆರ್ಗಾಮೊ ಪ್ರಾಂತದ ಹಲವು ಚರ್ಚುಗಳಲ್ಲಿ ಭಿತ್ತಿಚಿತ್ರಗಳನ್ನು ಬರೆದರು. ಮೂವತ್ತು ದಾಟುವ ಹೊತ್ತಿಗೆ ಅವರು ಸ್ವಂತ ದುಡಿಮೆಯ ಮೇಲೆ ನಿಂತ ಚರ್ಚು ಚಿತ್ರಕಾರರಾಗಿದ್ದರು.

ಯೇಸುಸಭೆಗೆ ಪ್ರವೇಶ

1889ರಲ್ಲಿ, ತಮ್ಮ ಮೂವತ್ತೈದನೆಯ ವಯಸ್ಸಿನಲ್ಲಿ, ಮೊಸ್ಕೇನಿಯವರು ಯೇಸುಸಭೆಯನ್ನು ಸೇರಿದರು. ಅವರು ಗುರುದೀಕ್ಷೆಯನ್ನು ಪಡೆಯದೆ ಸಹೋದರರಾಗಿ ಉಳಿದರು. ಯೇಸುಸಭೆಯಲ್ಲಿ ಸಹೋದರರು ಪೂಜೆಯನ್ನು ನಡೆಸುವವರಲ್ಲ; ಅಡಿಗೆ, ತೋಟ, ಬಡಗಿ ಕೆಲಸ, ಕಟ್ಟಡ, ಶುಶ್ರೂಷೆ ಮೊದಲಾದ ಕೆಲಸಗಳ ಮೂಲಕ ಸಂಘಕ್ಕೆ ಸೇವೆ ಸಲ್ಲಿಸುವವರು. ಮೊಸ್ಕೇನಿಯವರ ಸೇವೆ ಚಿತ್ರಕಲೆಯೇ ಆಯಿತು. ಅಂದಿನಿಂದ ಅವರ ಕುಂಚಕ್ಕೆ ಸಂಭಾವನೆ ಇರಲಿಲ್ಲ. ಸಂಘವು ಕಳುಹಿಸಿದ ಊರಿಗೆ ಹೋಗಿ, ಅಲ್ಲಿನ ಮಠ ಅಥವಾ ಚರ್ಚಿನ ಗೋಡೆಗಳ ಮೇಲೆ ಬರೆಯುವುದು ಅವರ ನಿಯಮವಾಯಿತು.

ಯೇಸುಸಭೆಯಲ್ಲಿ ಇಂತಹ ಕಲಾವಿದ ಸಹೋದರರ ಪರಂಪರೆ ಹಳೆಯದು. ಹದಿನೇಳನೆಯ ಶತಮಾನದ ಅಂದ್ರೆಯಾ ಪೊತ್ಸೊ ಸಹ ಸಹೋದರರೇ ಆಗಿದ್ದರು. ರೋಮಿನ ಸಂತ ಇಗ್ನಾತಿಯುಸ್ ಚರ್ಚಿನಲ್ಲಿ ಗೋಪುರ ಕಟ್ಟಲಾಗದೆ ಉಳಿದ ಜಾಗದಲ್ಲಿ ಅವರು ಕ್ಯಾನ್ವಾಸಿನ ಮೇಲೆ ಗೋಪುರದ ಒಳಮೈಯನ್ನು ಬರೆದು ನಿಲ್ಲಿಸಿದರು. ನಿಗದಿತ ಜಾಗದಲ್ಲಿ ನಿಂತು ನೋಡುವವರಿಗೆ ಸಮತಲವಾದ ಬಟ್ಟೆ ಎತ್ತರದ ಗೋಪುರವಾಗಿಯೇ ಕಾಣಿಸುತ್ತದೆ. ಇಲ್ಲದ ಕಂಬ, ಕಮಾನು ಮತ್ತು ಪ್ರತಿಮೆಗಳನ್ನು ನೆರಳು ಬೆಳಕಿನಿಂದ ಇರುವಂತೆ ತೋರಿಸುವ ಈ ವಿಧಾನವು ಯೇಸುಸಭೆಯ ಚರ್ಚುಗಳ ಮೂಲಕ ಯುರೋಪಿನ ಹಲವೆಡೆ ಹರಡಿತು. ಮಂಗಳೂರಿನ ಚಾಪೆಲ್ ಈ ಪರಂಪರೆಯ ಕೊಂಡಿಯಾಗಿದೆ.

ಮಂಗಳೂರಿನ ಹಿನ್ನೆಲೆ

ಮಂಗಳೂರಿನ ಕ್ಯಾಥೊಲಿಕ್ ಮಿಷನ್ನಿನ ಹೊಣೆಯನ್ನು 1878ರಲ್ಲಿ ಯೇಸುಸಭೆಯ ವೆನಿಸ್ ಪ್ರಾಂತಕ್ಕೆ ವಹಿಸಲಾಯಿತು. ಆ ವರ್ಷದ ಕೊನೆಯ ದಿನ ಮೊದಲ ತಂಡ ಮಂಗಳೂರನ್ನು ತಲುಪಿತು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಲೈಟ್‌ಹೌಸ್ ಹಿಲ್ ಎಂದು ಕರೆಯಲ್ಪಡುವ ಗುಡ್ಡದ ಮೇಲೆ ಕಾಲೇಜಿನ ಕಟ್ಟಡ ಎದ್ದಿತು. ಅದೇ ದಶಕದಲ್ಲಿ ಚಾಪೆಲ್ ಸಹ ನಿರ್ಮಾಣವಾಯಿತು. ಕಟ್ಟಡವು ಗಟ್ಟಿಯಾಗಿದ್ದರೂ ಒಳಗಿನ ಗೋಡೆಗಳು ಬಹುಕಾಲ ಬರಿದಾಗಿದ್ದವು.

ಆ ಕಾಲದ ಚರ್ಚುಗಳ ಒಳಾಂಗಣವನ್ನು ಸಾಮಾನ್ಯವಾಗಿ ಸಿಂಗರಿಸುತ್ತಿದ್ದುದು ಮರದ ಪೀಠಗಳು ಮತ್ತು ಬಣ್ಣ ಹಚ್ಚಿದ ಮರದ ಪ್ರತಿಮೆಗಳು. ಪೋರ್ಚುಗೀಸರ ಕಾಲದಿಂದ ಗೋವೆಯ ಚರ್ಚುಗಳಲ್ಲಿ ಚಿನ್ನದ ಲೇಪದ ಮರದ ಪೀಠಗಳು ನೆಲೆಗೊಂಡಿದ್ದವು. ಕರಾವಳಿಯ ಕೊಂಕಣಿ ಕ್ರೈಸ್ತರಿಗೆ ಆ ಮಾದರಿ ಪರಿಚಿತವಾಗಿತ್ತು. ಮಂಗಳೂರಿನ ಜೆಪ್ಪುವಿನಲ್ಲಿ ಯೇಸುಸಭೆಯವರು ನಡೆಸಿದ ಸಂತ ಜೋಸೆಫರ ಕಾರ್ಯಾಗಾರದಲ್ಲಿ ಸ್ಥಳೀಯ ಕುಶಲಕರ್ಮಿಗಳು ಚರ್ಚುಗಳಿಗಾಗಿ ಮರದ ಪ್ರತಿಮೆಗಳನ್ನೂ ಪೀಠೋಪಕರಣಗಳನ್ನೂ ತಯಾರಿಸಿದರು. ತುಳುನಾಡಿಗೆ ಬಣ್ಣದ ಮರದ ಮೂರ್ತಿಗಳು ಹೊಸತೇನೂ ಅಲ್ಲ: ಉಡುಪಿ ಸೀಮೆಯ ಮೆಕ್ಕೆಕಟ್ಟಿನ ದೈವಸ್ಥಾನದ ಬೃಹತ್ ಮರದ ಮೂರ್ತಿಗಳು ಇದಕ್ಕೆ ಪ್ರಸಿದ್ಧ ನಿದರ್ಶನ.

ಚಾಪೆಲ್‌ನ ಇಡೀ ಒಳಮೈಯನ್ನು ಕೆತ್ತನೆಯಿಂದ ತುಂಬಬೇಕಾದರೆ ಅಪಾರ ಹಣ ಮತ್ತು ಹಲವು ವರ್ಷಗಳ ದುಡಿಮೆ ಬೇಕಾಗುತ್ತಿತ್ತು. ಇದೇ ಕಾರ್ಯವನ್ನು ಸುಣ್ಣದ ಗಾರೆ, ಕ್ಯಾನ್ವಾಸ್ ಮತ್ತು ಬಣ್ಣಗಳಿಂದ ಸಾಧಿಸಬಲ್ಲವರಾಗಿ ಮೊಸ್ಕೇನಿಯವರು ಮಂಗಳೂರಿಗೆ ಬಂದರು.

ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳು

1899ರಲ್ಲಿ ಆರಂಭವಾದ ಚಾಪೆಲ್‌ನ ಕೆಲಸ 1901ರ ವೇಳೆಗೆ ಮುಗಿಯಿತು. ಈ ಅವಧಿಯಲ್ಲಿ ಅವರು ಸುಮಾರು 800 ಚದರ ಮೀಟರಿನಷ್ಟು ಜಾಗವನ್ನು ಚಿತ್ರಗಳಿಂದ ತುಂಬಿದರು. ಗೋಡೆ, ಕಮಾನು, ಮೇಲ್ಛಾವಣಿ ಯಾವುದನ್ನೂ ಬರಿದಾಗಿ ಬಿಡಲಿಲ್ಲ.

ಚಿತ್ರಗಳ ವಸ್ತು ಕಾಲೇಜಿಗೆ ತಕ್ಕದ್ದಾಗಿದೆ. ಮೇಲ್ಛಾವಣಿಯ ಮುಖ್ಯ ಚಿತ್ರಗಳು ಸಂತ ಅಲೋಶಿಯಸ್ ಗೊನ್ಜಾಗರ ಜೀವನವನ್ನು ಹೇಳುತ್ತವೆ. ಗೊನ್ಜಾಗರು 1568ರಲ್ಲಿ ಇಟಲಿಯ ಕಾಸ್ತಿಲಿಯೋನೆಯ ಪಾಳೆಯಗಾರ ಮನೆತನದಲ್ಲಿ ಹಿರಿಯ ಮಗನಾಗಿ ಹುಟ್ಟಿ, ಅಧಿಕಾರದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು ಯೇಸುಸಭೆಯನ್ನು ಸೇರಿದವರು. ರೋಮಿನಲ್ಲಿ ಸಾಂಕ್ರಾಮಿಕ ರೋಗಿಗಳ ಸೇವೆ ಮಾಡುತ್ತ ತಾವೂ ರೋಗಕ್ಕೆ ತುತ್ತಾಗಿ 1591ರಲ್ಲಿ, ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರನ್ನು ವಿದ್ಯಾರ್ಥಿಗಳ ಮತ್ತು ಯುವಜನರ ಪಾಲಕ ಸಂತರೆಂದು ಕ್ಯಾಥೊಲಿಕರು ಗೌರವಿಸುತ್ತಾರೆ. ವಿದ್ಯಾರ್ಥಿಗಳು ತಲೆಯೆತ್ತಿದರೆ ತಮ್ಮದೇ ಪ್ರಾಯದ ಒಬ್ಬನ ಕಥೆ ಕಾಣಬೇಕೆಂಬ ಉದ್ದೇಶ ಈ ಆಯ್ಕೆಯಲ್ಲಿ ಸ್ಪಷ್ಟವಾಗಿದೆ. ಉಳಿದಂತೆ ಯೇಸುವಿನ ಜೀವನದ ಘಟನೆಗಳು, ಪ್ರೇಷಿತರು ಮತ್ತು ವಿವಿಧ ಸಂತರ ಚಿತ್ರಗಳಿವೆ. ಹಿಂಬದಿಯ ಗೋಡೆಯಲ್ಲಿ ಮಕ್ಕಳೊಡನೆ ಇರುವ ಯೇಸುವಿನ ಚಿತ್ರವಿದೆ.

ಕಥಾಚಿತ್ರಗಳಷ್ಟೇ ಗಮನಾರ್ಹವಾದದ್ದು ಅವುಗಳ ಸುತ್ತಣ ಅಲಂಕಾರ. ಹೂಮಾಲೆ, ಬಳ್ಳಿ, ಚೌಕಟ್ಟು ಮತ್ತು ಪಟ್ಟಿಕೆಗಳನ್ನು ಉಬ್ಬುಕೆತ್ತನೆಯ ಹಾಗೆ ಬರೆಯಲಾಗಿದೆ. ಒಂದು ಬದಿಗೆ ಬೆಳಕು, ಇನ್ನೊಂದು ಬದಿಗೆ ನೆರಳನ್ನು ಕೊಟ್ಟಿರುವುದರಿಂದ ದೂರದಿಂದ ನೋಡುವವರಿಗೆ ಅವು ಕಡೆದು ಬಣ್ಣ ಹಚ್ಚಿದ ಭಾಗಗಳೆಂದೇ ತೋರುತ್ತವೆ. ಹತ್ತಿರ ಹೋದಾಗ ಮಾತ್ರ ಸಪಾಟಾದ ಮೈ ಗೋಚರಿಸುತ್ತದೆ.

ತಂತ್ರ

ಗೋಡೆಯ ಚಿತ್ರಗಳಿಗೆ ಮೊಸ್ಕೇನಿಯವರು ಫ್ರೆಸ್ಕೊ ವಿಧಾನವನ್ನು ಅನುಸರಿಸಿದರು. ಈ ವಿಧಾನದಲ್ಲಿ ಸುಣ್ಣದ ಗಾರೆಯನ್ನು ಬಳಿದು, ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಹಚ್ಚಬೇಕು. ಗಾರೆ ಒಣಗುತ್ತ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ಗಟ್ಟಿಯಾಗುತ್ತದೆ. ಬಣ್ಣವು ಅದರೊಳಗೇ ಸೆರೆಯಾಗಿ ಗೋಡೆಯ ಭಾಗವಾಗುತ್ತದೆ. ಒಂದು ದಿನದಲ್ಲಿ ಎಷ್ಟು ಬರೆಯಲು ಸಾಧ್ಯವೋ ಅಷ್ಟಕ್ಕೆ ಮಾತ್ರ ಗಾರೆ ಬಳಿಯಬೇಕು. ತಪ್ಪಾದರೆ ಅಳಿಸಿ ತಿದ್ದುವಂತಿಲ್ಲ. ಆ ಭಾಗವನ್ನು ಕೆತ್ತಿ ತೆಗೆದು ಹೊಸದಾಗಿ ಬಳಿಯಬೇಕು. ಆದುದರಿಂದ ಇಡೀ ಚಿತ್ರದ ಯೋಜನೆ ಮೊದಲೇ ಸಿದ್ಧವಾಗಿರಬೇಕು ಮತ್ತು ಕೈ ಚುರುಕಾಗಿರಬೇಕು. ಮೇಲ್ಛಾವಣಿಗೆ ಅವರು ಕ್ಯಾನ್ವಾಸಿನ ಮೇಲಿನ ತೈಲಚಿತ್ರಗಳನ್ನು ಬಳಸಿದರು.

ಈ ವಿಧಾನಕ್ಕೆ ಮಂಗಳೂರಿನ ಹವೆ ಅನುಕೂಲವಲ್ಲ. ಜೂನಿನಿಂದ ಸೆಪ್ಟೆಂಬರಿನವರೆಗೆ ಸುರಿಯುವ ಮಳೆ, ವರ್ಷವಿಡೀ ಇರುವ ಸಮುದ್ರದ ತೇವ ಮತ್ತು ಗಾಳಿಯಲ್ಲಿನ ಉಪ್ಪು ಗಾರೆಗೂ ಬಟ್ಟೆಗೂ ಹಾನಿಕಾರಕ. ಗೋಡೆ ನೀರು ಹೀರಿದರೆ ಲವಣವು ಮೇಲ್ಮೈಗೆ ಬಂದು ಬಣ್ಣವನ್ನು ಉದುರಿಸುತ್ತದೆ. ಇಟಲಿಯಲ್ಲಿ ಕಲಿತ ಕಸುಬನ್ನು ಇಂತಹ ಹವೆಯಲ್ಲಿ, ಎರಡು ಮೂರು ವರ್ಷಗಳ ಅವಧಿಯಲ್ಲಿ ನಿರ್ವಹಿಸಿದ್ದು ಅವರ ಸಾಧನೆಯ ಕಠಿಣ ಭಾಗವಾಗಿದೆ.

ಇತರ ಕೃತಿಗಳು ಮತ್ತು ನಿಧನ

ಮಂಗಳೂರಿನ ಕೆಲಸದಿಂದ ಮೊಸ್ಕೇನಿಯವರ ಹೆಸರು ಪಶ್ಚಿಮ ಕರಾವಳಿಯುದ್ದಕ್ಕೂ ಹಬ್ಬಿತು. ಮುಂಬಯಿಯ ಹೋಲಿ ನೇಮ್ ಚರ್ಚಿನ ಒಳಗೋಡೆಗಳಲ್ಲಿ ಅವರು ಭಿತ್ತಿಚಿತ್ರಗಳನ್ನು ರಚಿಸಿದರು. ಬಳಿಕ ಕೊಚ್ಚಿಯ ಸಾಂತಾ ಕ್ರೂಜ್ ಮಹಾದೇವಾಲಯದ ಅಲಂಕರಣಕ್ಕೆ ತೊಡಗಿದರು. ಮಂಗಳೂರಿನ ಡಿ ಗಾಮಾ ಎಂಬ ಶಿಷ್ಯರು ಅಲ್ಲಿ ಅವರಿಗೆ ನೆರವಾದರು. ಆ ಚರ್ಚಿನ ಕಂಬಗಳ ಮೇಲೆ ವರ್ಣಾಲಂಕಾರವಿದೆ. ಯೇಸುವಿನ ಯಾತನೆಯ ಪ್ರಸಂಗಗಳನ್ನು ನಿರೂಪಿಸುವ ದೊಡ್ಡ ಕ್ಯಾನ್ವಾಸ್ ಚಿತ್ರಗಳಿವೆ. ಅವುಗಳಲ್ಲಿ ಕೊನೆಯ ಭೋಜನದ ಚಿತ್ರವು ಲಿಯೊನಾರ್ಡೊ ಡ ವಿಂಚಿಯ ಪ್ರಸಿದ್ಧ ಕೃತಿಯನ್ನು ಮಾದರಿಯಾಗಿ ಇರಿಸಿಕೊಂಡಿದೆ.

ಸಾಂತಾ ಕ್ರೂಜ್ ಚರ್ಚಿನ ಪ್ರತಿಷ್ಠೆ 1905ರ ನವೆಂಬರ್ 19ರಂದು ನೆರವೇರಿತು. ಅದನ್ನು ಕಾಣುವ ಭಾಗ್ಯ ಮೊಸ್ಕೇನಿಯವರಿಗೆ ಇರಲಿಲ್ಲ. ಪ್ರತಿಷ್ಠೆಗೆ ಕೆಲವೇ ದಿನಗಳ ಮುನ್ನ ಅವರು ಕೊಚ್ಚಿಯಲ್ಲಿ ನಿಧನರಾದರು. ಆಗ ಅವರಿಗೆ ಐವತ್ತೊಂದು ವರ್ಷ. ಭಾರತದಲ್ಲಿ ಅವರು ಕಳೆದ ಕಾಲ ಹತ್ತು ವರ್ಷಗಳಿಗೂ ಕಡಿಮೆ.

ಸಂರಕ್ಷಣೆ

ಕಾಲ ಕಳೆದಂತೆ ಮಂಗಳೂರಿನ ಚಿತ್ರಗಳು ತೇವ, ಧೂಳು ಮತ್ತು ಬಿರುಕುಗಳಿಂದ ಮಾಸತೊಡಗಿದವು. 1990ರ ದಶಕದ ಮೊದಲ ಭಾಗದಲ್ಲಿ ಭಾರತೀಯ ಕಲೆ ಮತ್ತು ಸಾಂಸ್ಕೃತಿಕ ಪರಂಪರೆಯ ರಾಷ್ಟ್ರೀಯ ನ್ಯಾಸದ (ಇಂಟ್ಯಾಕ್) ತಜ್ಞರು ಅವುಗಳ ಪುನರುಜ್ಜೀವನ ಕಾರ್ಯವನ್ನು ಕೈಗೊಂಡರು. ಚಾಪೆಲ್ ಇಂದಿಗೂ ಪ್ರಾರ್ಥನೆಗೆ ಬಳಕೆಯಾಗುತ್ತಿದ್ದು, ಪ್ರವಾಸಿಗರೂ ವಿದ್ಯಾರ್ಥಿಗಳೂ ಅದನ್ನು ಸಂದರ್ಶಿಸುತ್ತಾರೆ.

ಮರದ ಪ್ರತಿಮೆಯನ್ನು ಅಪಾಯದ ವೇಳೆಯಲ್ಲಿ ಬೇರೆಡೆಗೆ ಸಾಗಿಸಬಹುದು. ಫ್ರೆಸ್ಕೊ ಚಿತ್ರವು ಸಾಮಾನ್ಯವಾಗಿ ಕಟ್ಟಡದೊಡನೆಯೇ ಉಳಿಯುತ್ತದೆ, ಕಟ್ಟಡದೊಡನೆಯೇ ಅಳಿಯುತ್ತದೆ. ಘಟ್ಟದ ಮೇಲಿನ ಹಾಸನ ಜಿಲ್ಲೆಯ ಉದಾಹರಣೆಯಿಂದ ಇದು ಮನದಟ್ಟಾಗುತ್ತದೆ. ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಗೋಥಿಕ್ ಶೈಲಿಯ ರೋಸರಿ ಚರ್ಚನ್ನು ಕಟ್ಟಿಸಿದ್ದರು. ಗೊರೂರಿನಲ್ಲಿ ಹೇಮಾವತಿ ನದಿಗೆ ಅಣೆಕಟ್ಟು ಕಟ್ಟಿದಾಗ ಹಿನ್ನೀರು ಆಲೂರು, ಸಕಲೇಶಪುರ ತಾಲ್ಲೂಕುಗಳ ಕಡೆಗೂ ಚಾಚಿ ಅನೇಕ ಹಳ್ಳಿಗಳ ಜನರು ಮನೆ ಹೊಲಗಳನ್ನು ತೊರೆಯಬೇಕಾಯಿತು. ಶೆಟ್ಟಿಹಳ್ಳಿಯ ಚರ್ಚು ಬಳಕೆ ತಪ್ಪಿ, ಛಾವಣಿ ಕಳೆದುಕೊಂಡು, ಮಳೆಗಾಲದಲ್ಲಿ ನೀರಿನ ನಡುವೆ ನಿಲ್ಲುವ ಪಾಳು ಕಟ್ಟಡವಾಯಿತು. ಬೇಸಗೆಯಲ್ಲಿ ನೀರು ಇಳಿದಾಗ ಅದರ ಗೋಡೆ ಕಮಾನುಗಳು ಮಾತ್ರ ಕಾಣಸಿಗುತ್ತವೆ. ಒಳಗಣ ಅಲಂಕಾರ ಉಳಿದಿಲ್ಲ. ಮಂಗಳೂರಿನ ಚಾಪೆಲ್ ಬಳಕೆಯಲ್ಲಿ ಉಳಿದುದರಿಂದಲೇ ಮೊಸ್ಕೇನಿಯವರ ಕೃತಿಗಳೂ ಉಳಿದವು.

ಮೌಲ್ಯಮಾಪನ

ಮಂಗಳೂರಿನ ಚಾಪೆಲ್ಲನ್ನು ರೋಮಿನ ಸಿಸ್ಟೀನ್ ಚಾಪೆಲ್‌ಗೆ ಹೋಲಿಸುವುದು ರೂಢಿಯಲ್ಲಿದೆ. ಒಳಮೈಯನ್ನೆಲ್ಲ ಚಿತ್ರಗಳು ಆವರಿಸಿರುವ ಮಟ್ಟಿಗೆ ಈ ಹೋಲಿಕೆ ಒಪ್ಪುವಂಥದು. ಆದರೆ ಶೈಲಿಯಲ್ಲಿ ಮೊಸ್ಕೇನಿಯವರು ಮೈಕೆಲೆಂಜೆಲೊಗಿಂತ ಹೆಚ್ಚಾಗಿ ಬೆರ್ಗಾಮೊದ ಚರ್ಚುಗಳಿಗೂ ಪೊತ್ಸೊರಂತಹ ಸಹೋದರ ಕಲಾವಿದರಿಗೂ ಹತ್ತಿರದವರು. ಹೊಸ ಶೈಲಿಯನ್ನು ಹುಟ್ಟುಹಾಕಿದವರೆಂದು ಅವರನ್ನು ಪರಿಗಣಿಸುವುದಿಲ್ಲ. ಹಳೆಯ ಚರ್ಚುಗಳ ಶಿಲ್ಪ, ಕೆತ್ತನೆ ಮತ್ತು ಚಿತ್ರಗಳ ಸಂಪತ್ತನ್ನು ಕರಾವಳಿಯ ಒಂದು ವಿದ್ಯಾಸಂಸ್ಥೆಗೆ ಬಣ್ಣದ ಮೂಲಕ ತಂದುಕೊಟ್ಟುದು ಅವರ ವೈಶಿಷ್ಟ್ಯ. ವೈಯಕ್ತಿಕ ಕೀರ್ತಿಯನ್ನು ಬಯಸದ ಸಹೋದರರಾಗಿ ದುಡಿದ ಮೊಸ್ಕೇನಿಯವರ ಹೆಸರನ್ನು ಚಾಪೆಲ್‌ನ ಗೋಡೆಗಳೇ ಇಂದಿಗೂ ಉಳಿಸಿಕೊಂಡು ಬಂದಿವೆ.