ವಾಲ್ಟರ್ ಜಾರ್ಜ್

ಇಂದಿನ ಕ್ರೀಡಾಕೂಟಗಳಲ್ಲಿ 1500 ಮೀಟರು ಓಟಕ್ಕೆ ಇರುವ ಸ್ಥಾನವು ಹಿಂದೆ ಇಂಗ್ಲೆಂಡಿನಲ್ಲಿ ಮೈಲಿ ಓಟಕ್ಕೆ ಇದ್ದಿತು. ಒಂದು ಮೈಲಿ ಎಂದರೆ ಸುಮಾರು 1609 ಮೀಟರು. ಈ ದೂರವನ್ನು ಕ್ರಮಿಸುವವನಿಗೆ ವೇಗವೂ ಬೇಕು, ದಮ್ಮೂ ಬೇಕು. ಇವೆರಡನ್ನೂ ಸಮನಾಗಿ ಸಾಧಿಸಿದವರಲ್ಲಿ ವಾಲ್ಟರ್ ಜಾರ್ಜ್ ಅಗ್ರಗಣ್ಯನು.

ಜಾರ್ಜನು 1858ನೆಯ ಇಸವಿಯ ಸೆಪ್ಟೆಂಬರ್ 9ರಂದು ವಿಲ್ಟ್‌ಷೈರ್ ಪ್ರಾಂತದ ಕಾನ್ ಎಂಬ ಸಣ್ಣ ಊರಿನಲ್ಲಿ ಜನಿಸಿದನು. ಹದಿನಾರರ ಹರೆಯದಲ್ಲಿ, ಎಂದರೆ ಇಂದು ನೀವು ಪ್ರೌಢಶಾಲೆಯನ್ನು ಮುಗಿಸುವ ವಯಸ್ಸಿನಲ್ಲಿ, ಆತನು ಔಷಧದ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದನು. ಬೆಳಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ದುಡಿಮೆ. ಬಯಲಿಗೆ ಹೋಗಿ ಓಡಲು ಹೊತ್ತೆಲ್ಲಿ? ಅದಕ್ಕೆ ಆತನೇ ಒಂದು ಉಪಾಯವನ್ನು ಕಂಡುಕೊಂಡನು. ನಿಂತಲ್ಲಿಯೇ ನಿಂತು, ಮೊಣಕಾಲನ್ನು ಸೊಂಟದ ಮಟ್ಟಕ್ಕೆ ಎತ್ತಿ ಇಳಿಸುವುದು; ಹೀಗೆ ಕಾಲು ಬದಲಿಸುತ್ತ ನೂರು ಸಲ ಮಾಡುವುದು. ಎತ್ತಿದ ಪಾದವು ಮತ್ತೆ ಅದೇ ಜಾಗದ ಮೇಲೆ ಬೀಳಬೇಕು. ಕೇಳಲು ಸುಲಭ, ಮಾಡಿ ನೋಡಿದವರಿಗೆ ಅದರ ಕಷ್ಟ ತಿಳಿದೀತು. ‘ಹಂಡ್ರೆಡ್ ಅಪ್’ ಎಂಬ ಹೆಸರಿನಿಂದ ಈ ಅಭ್ಯಾಸವು ಮುಂದೆ ಪ್ರಸಿದ್ಧವಾಯಿತು.

ಓಟದ ಕಣಕ್ಕೆ ಇಳಿದ ಹೊಸದರಲ್ಲಿಯೇ ಜಾರ್ಜನು ಒಂದು ಲೆಕ್ಕ ಹಾಕಿದನು. ಮೈಲಿಯನ್ನು 4 ನಿಮಿಷ 12 ಸೆಕೆಂಡುಗಳಲ್ಲಿ ಓಡಬಹುದು ಎಂಬುದೇ ಆ ಲೆಕ್ಕ. ಅದುವರೆಗೆ ಯಾವ ಓಟಗಾರನೂ ಅದರ ಸಮೀಪಕ್ಕೆ ಬಂದಿರಲಿಲ್ಲ. ಹುಡುಗನ ಹುಚ್ಚೆಂದು ಕೇಳಿದವರು ನಕ್ಕಿದ್ದರೆ ಆಶ್ಚರ್ಯವೇನೂ ಇಲ್ಲ.

1879ರಿಂದ ಆತನ ಜಯಯಾತ್ರೆ ಮೊದಲಾಯಿತು. 1882ರಲ್ಲಿ ನ್ಯೂಯಾರ್ಕಿಗೆ ಹೋಗಿ ಅಮೆರಿಕದ ಲಾನ್ ಮಯರ್ಸ್‌ನೊಡನೆ ಮೂರು ಪಂದ್ಯಗಳನ್ನು ಓಡಿದನು. ಅರ್ಧ ಮೈಲಿಯಲ್ಲಿ ಸೋತು, ಮೈಲಿಯಲ್ಲಿಯೂ ಮುಕ್ಕಾಲು ಮೈಲಿಯಲ್ಲಿಯೂ ಗೆದ್ದನು. 1884ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಮೈಲಿಯನ್ನು 4 ನಿಮಿಷ 18.4 ಸೆಕೆಂಡುಗಳಲ್ಲಿ ಮುಗಿಸಿದನು. ಹವ್ಯಾಸಿ ಓಟಗಾರರಲ್ಲಿ ಆತನಿಗೆ ಇನ್ನು ಸಾಟಿಯಿರಲಿಲ್ಲ.

ಆದರೆ ಆತನಿಗಿಂತ ವೇಗವಾಗಿ ಓಡಿದ್ದವನೊಬ್ಬನು ಬದುಕಿದ್ದನು. ಆತನೇ ಸ್ಕಾಟ್ಲೆಂಡಿನ ವಿಲಿಯಂ ಕಮ್ಮಿಂಗ್ಸ್. 1881ರಲ್ಲಿ ಅವನು ಮೈಲಿಗೆ ತೆಗೆದುಕೊಂಡ ಕಾಲ 4 ನಿಮಿಷ 16.2 ಸೆಕೆಂಡು. ಕಮ್ಮಿಂಗ್ಸ್ ಹಣಕ್ಕಾಗಿ ಓಡುವ ವೃತ್ತಿಪರನು. ಅಂದಿನ ಕಟ್ಟಳೆಯಂತೆ ಹಣ ಪಡೆದು ಓಡಿದವನಿಗೆ ಹವ್ಯಾಸಿಗಳ ಪಂಕ್ತಿಯಲ್ಲಿ ಸ್ಥಳವಿಲ್ಲ. ಅಂಥವನೊಡನೆ ಓಡಿದವನಿಗೂ ಅದೇ ಗತಿ. ತನ್ನ ಪಾಲಿನ ಹಣವನ್ನು ವೂಸ್ಟರ್ ನಗರದ ಆಸ್ಪತ್ರೆಗೆ ಕೊಡುವೆನೆಂದು ಹೇಳಿ ಜಾರ್ಜನು ಹವ್ಯಾಸಿಗಳ ಸಂಘದ ಅನುಮತಿಯನ್ನು ಬೇಡಿದನು. ಸಂಘವು ಒಪ್ಪಲಿಲ್ಲ. ನಿಯಮವೆಂದರೆ ನಿಯಮವೇ ಸರಿ. ಆದರೂ ಈ ನಿರಾಕರಣೆ ಉದಾರವಾದುದೆಂದು ಹೇಳಲಾಗದು. ಪಡೆದ ಪದವಿಗಳನ್ನೂ ಗೌರವವನ್ನೂ ಬಿಟ್ಟು, 1885ರಲ್ಲಿ ಜಾರ್ಜನು ವೃತ್ತಿಪರನಾದನು. ಒಮ್ಮೆ ದಾಟಿದ ಮೇಲೆ ಹಿಂದಿರುಗುವ ದಾರಿ ಇರಲಿಲ್ಲ.

ಆ ವರ್ಷದ ಆಗಸ್ಟ್ 31ರಂದು ಲಂಡನಿನ ಲಿಲಿ ಬ್ರಿಜ್ ಮೈದಾನದಲ್ಲಿ ಇಬ್ಬರೂ ಎದುರಾದರು. ನೋಡಲು ಸಹಸ್ರಾರು ಜನ ಮುತ್ತಿದರು. ಮೈಲಿಯನ್ನು ಜಾರ್ಜನು ಗೆದ್ದನು. ಆದರೆ ಅನಂತರದ ನಾಲ್ಕು ಮೈಲಿ ಮತ್ತು ಹತ್ತು ಮೈಲಿಗಳ ಪಂದ್ಯಗಳಲ್ಲಿ ಕಮ್ಮಿಂಗ್ಸನಿಗೆ ಜಯವಾಯಿತು.

1886ರ ಆಗಸ್ಟ್ 23ರಂದು ಅದೇ ಮೈದಾನದಲ್ಲಿ ಮತ್ತೆ ಮೈಲಿ ಓಟ. ಮೊದಲ ಕಾಲು ಮೈಲಿಯನ್ನು ಜಾರ್ಜನು ಒಂದು ನಿಮಿಷಕ್ಕೂ ಕಡಿಮೆ ಕಾಲದಲ್ಲಿ ಓಡಿದನು. ಮುಕ್ಕಾಲು ಮೈಲಿ ಮುಗಿಯುವಾಗ 3 ನಿಮಿಷ 7¾ ಸೆಕೆಂಡು. ಕಡೆಯ ಭಾಗದಲ್ಲಿ ಕಮ್ಮಿಂಗ್ಸನು ಒಮ್ಮೆಗೇ ನುಗ್ಗಿ ಮುಂದಾದನು. ಜಾರ್ಜನು ಎದೆಗುಂದದೆ ಬೆನ್ನಟ್ಟಿ, ಸರಿಗಟ್ಟಿ, ಹಿಂದೆ ಹಾಕಿದನು. ಸರ್ವಶಕ್ತಿಯನ್ನೂ ವ್ಯಯಿಸಿದ್ದ ಕಮ್ಮಿಂಗ್ಸನು ಗುರಿಗೆ ಇನ್ನೂ ಸ್ವಲ್ಪ ದೂರವಿರುವಾಗಲೇ ಪ್ರಜ್ಞೆ ತಪ್ಪಿ ನೆಲಕ್ಕುರುಳಿದನು. ಗಡಿಯಾರಗಳು 4 ನಿಮಿಷ 12¾ ಸೆಕೆಂಡು ತೋರಿದವು. ಹಳೆಯ ಲೆಕ್ಕಕ್ಕೂ ಇದಕ್ಕೂ ಇದ್ದ ಅಂತರ ಒಂದು ಸೆಕೆಂಡಿಗಿಂತ ಕಡಿಮೆ!

ಇದನ್ನು ಮೀರಲು ಲೋಕಕ್ಕೆ ಇಪ್ಪತ್ತೊಂಬತ್ತು ವರ್ಷ ಬೇಕಾಯಿತು. 1915ರಲ್ಲಿ ಅಮೆರಿಕದ ನಾರ್ಮನ್ ಟೇಬರ್ 4 ನಿಮಿಷ 12.6 ಸೆಕೆಂಡುಗಳಲ್ಲಿ ಓಡಿದನು. ವಿಚಿತ್ರವೆಂದರೆ, ಅಂತರರಾಷ್ಟ್ರೀಯ ಸಂಸ್ಥೆಯು ಅಂಗೀಕರಿಸಿದ ಮೈಲಿ ದಾಖಲೆಗಳಲ್ಲಿ ಮೊದಲನೆಯದು 1913ರ 4 ನಿಮಿಷ 14.4 ಸೆಕೆಂಡುಗಳ ಓಟ. ಅದು ಜಾರ್ಜನ ಓಟಕ್ಕಿಂತ ನಿಧಾನವಾದುದು! ವೃತ್ತಿಪರನ ಹೆಸರಿಗೆ ಆ ಪಟ್ಟಿಯಲ್ಲಿ ಎಡೆಯಿರಲಿಲ್ಲ.

1943ರ ಜೂನ್ 4ರಂದು ಜಾರ್ಜನು ತೀರಿಕೊಂಡನು. ಆಗ ಮೈಲಿಯ ದಾಖಲೆಯು 4 ನಿಮಿಷ 4.6 ಸೆಕೆಂಡಿಗೆ ಇಳಿದಿತ್ತು. ಅದು ಸ್ವೀಡನ್ನಿನ ಗುಂಡರ್ ಹೆಗ್ ಎಂಬಾತನದು. ಮೂರು ವರ್ಷಗಳ ತರುವಾಯ, ಓಟಕ್ಕೆ ಹಣ ಪಡೆದನೆಂದು ಆತನನ್ನೂ ಹವ್ಯಾಸಿಗಳ ಕಣದಿಂದ ಹೊರಗಟ್ಟಿದರು.