ಭೂಮಾಪನದ ಅಧಿಕಾರಿ ರಚಿಸಿದ ಔಷಧಗಳ ಅಕಾರಾದಿ

1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಮೇಲೆ ಥಾಮಸ್ ಮನ್ರೋ ಇಲ್ಲಿನ ಹೊಲಗದ್ದೆಗಳನ್ನು ಅಳೆಸಲು ಮುಂದಾದದ್ದು ಕಂದಾಯ ಇತಿಹಾಸ ಬಲ್ಲವರಿಗೆ ಹೊಸ ಸಂಗತಿಯಲ್ಲ. 1807ರವರೆಗೆ ಆತ ಇಲ್ಲಿದ್ದ. ಸಿರುಗುಪ್ಪದ ತರಿ ಜಮೀನು ಯಾವ ದರ್ಜೆಯದು, ಕುರುಗೋಡು ಸೀಮೆಯ ಎರೆಹೊಲ ಯಾವ ದರ್ಜೆಯದು ಎಂದು ಗುರುತಿಸಿ, ಒಂದೊಂದು ಹೊಲಕ್ಕೂ ಒಂದು ಸಂಖ್ಯೆ, ಒಂದು ಅಳತೆ, ಒಂದು ತೀರ್ವೆ ಎಂದು ಲೆಕ್ಕಕ್ಕೆ ತರುವ ಪದ್ಧತಿ ಬೇರೂರಿದ್ದು ಆ ಕಾಲದಲ್ಲಿ. ಸುಮಾರು ಎರಡು ದಶಕಗಳ ತರುವಾಯ ಪ್ರಷ್ಯಾ ಸರ್ಕಾರವೂ ತನ್ನ ಪಶ್ಚಿಮದ ಪ್ರಾಂತ್ಯಗಳಾದ ರೈನ್‌ಲ್ಯಾಂಡ್ ಮತ್ತು ವೆಸ್ಟ್‌ಫಾಲಿಯಾಗಳಲ್ಲಿ ಇದೇ ಬಗೆಯ ಕೆಲಸ ಕೈಗೊಂಡಿತು. ಅಲ್ಲಿ ಈ ಹೊಣೆ ಹೊತ್ತ ಹಿರಿಯ ಅಧಿಕಾರಿಗಳಲ್ಲಿ ಒಬ್ಬರು ಕ್ಲೆಮೆನ್ಸ್ ಫಾನ್ ಬೋನಿಂಗ್‌ಹೌಸೆನ್. ಆದರೆ ಅವರ ಹೆಸರು ಇಂದಿಗೂ ಉಳಿದಿರುವುದು ಕಂದಾಯ ಕಚೇರಿಗಳಲ್ಲಿ ಅಲ್ಲ, ಹೋಮಿಯೋಪತಿ ಕಾಲೇಜುಗಳಲ್ಲಿ. ರೋಗಲಕ್ಷಣವನ್ನು ಹಿಡಿದು ಔಷಧವನ್ನು ಹುಡುಕುವ ಅಕಾರಾದಿ ಸೂಚಿಗ್ರಂಥಕ್ಕೆ, ಅಂದರೆ ವೈದ್ಯರು ರೆಪರ್ಟರಿ ಎಂದು ಕರೆಯುವ ಪುಸ್ತಕಕ್ಕೆ, ಮುದ್ರಿತ ರೂಪದಲ್ಲಿ ನೆಲೆ ಕಲ್ಪಿಸಿದವರು ಅವರು.

ಅವರು ಹುಟ್ಟಿದ್ದು 1785ರ ಮಾರ್ಚ್ 12ರಂದು, ನೆದರ್‌ಲ್ಯಾಂಡ್ಸ್‌ನ ಓವರೈಸೆಲ್ ಪ್ರಾಂತ್ಯದ ಕುಲೀನ ಮನೆತನವೊಂದರಲ್ಲಿ. ಗ್ರೋನಿಂಗೆನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದಿ 1806ರಲ್ಲಿ ಡಾಕ್ಟರೇಟ್ ಪಡೆದರು. ಅದೇ ವರ್ಷ ನೆಪೋಲಿಯನ್ನನ ತಮ್ಮ ಲೂಯಿ ಹಾಲೆಂಡಿನ ಸಿಂಹಾಸನವೇರಿದ್ದ. ಯುವಕ ಬೋನಿಂಗ್‌ಹೌಸೆನ್ ಅವನ ಆಡಳಿತದಲ್ಲಿ ಸೇರಿ ಬೇಗಬೇಗನೆ ಮೇಲೇರಿದರು. 1810ರಲ್ಲಿ ಲೂಯಿ ಪದತ್ಯಾಗ ಮಾಡಿದಾಗ ಇವರ ನೌಕರಿಯೂ ಮುಗಿಯಿತು. ದೊರೆಯೊಡನೆ ಅಧಿಕಾರಿಯೂ ಮನೆಗೆ ಹೋಗಬೇಕಾದ ಕಾಲ ಅದು. ನಮ್ಮ ಪೀಳಿಗೆಯ ಅಧಿಕಾರಿಗಳಿಗೆ ವರ್ಗಾವಣೆಯಷ್ಟೇ ಶಿಕ್ಷೆಯಾಗಿತ್ತು. 1814ರಲ್ಲಿ ಅವರು ವೆಸ್ಟ್‌ಫಾಲಿಯಾದ ಡಾರುಪ್ ಎಂಬಲ್ಲಿದ್ದ ತಮ್ಮ ಜಹಗೀರಿಗೆ ಬಂದು ನೆಲೆಸಿದರು. ಎರಡು ವರ್ಷಗಳಲ್ಲಿ ಪ್ರಷ್ಯಾ ಸರ್ಕಾರ ಅವರನ್ನು ಕೋಸ್‌ಫೆಲ್ಡ್ ಜಿಲ್ಲೆಯ ಆಡಳಿತಾಧಿಕಾರಿಯನ್ನಾಗಿ ನೇಮಿಸಿತು. 1822ರವರೆಗೆ ಆ ಹುದ್ದೆಯಲ್ಲಿದ್ದು, ಅನಂತರ ಭೂಮಾಪನ ಮತ್ತು ಭೂಮೌಲ್ಯ ನಿರ್ಧಾರದ ಕಾರ್ಯಕ್ಕೆ ತೆರಳಿದರು.

ಊರೂರು ಸುತ್ತುವ ಈ ಕೆಲಸ ಅವರ ಇನ್ನೊಂದು ಹವ್ಯಾಸಕ್ಕೆ ಅನುಕೂಲವಾಯಿತು. ನೆಲ ಅಳೆಯುತ್ತಲೇ ಅವರು ನೆಲದ ಮೇಲಿನ ಗಿಡಗಳನ್ನೂ ಗುರುತು ಹಾಕಿಕೊಂಡರು. 1824ರಲ್ಲಿ ಮ್ಯೂನ್‌ಸ್ಟರ್ ಸುತ್ತಮುತ್ತಲಿನ ಸಸ್ಯಗಳ ಕುರಿತ ಅವರ ಗ್ರಂಥ ಪ್ರಕಟವಾಯಿತು. ಎರಡು ವರ್ಷದ ಬಳಿಕ ಅಲ್ಲಿನ ಸಸ್ಯೋದ್ಯಾನದ ನಿರ್ದೇಶಕ ಸ್ಥಾನವೂ ಅವರಿಗೆ ಬಂತು. ಹಿಮಾಲಯದ ತಪ್ಪಲಿನಲ್ಲಿ ಬೆಳೆಯುವ, ಬಿಳಿಯ ಹೂ ಬಿಡುವ, ನಿಂಬೆಯ ಕುಟುಂಬಕ್ಕೆ ಸೇರಿದ ಸಸ್ಯಜಾತಿಯೊಂದು ಇಂದಿಗೂ ಬೋನಿಂಗ್‌ಹೌಸೆನಿಯಾ ಎಂಬ ಹೆಸರನ್ನೇ ಹೊತ್ತಿದೆ. ಆ ಗೌರವ ಸಂದದ್ದು ಸಸ್ಯವಿಜ್ಞಾನಿಗೆ. ಹೋಮಿಯೋಪತಿಗೂ ಅದಕ್ಕೂ ಸಂಬಂಧವಿಲ್ಲ.

ಹೋಮಿಯೋಪತಿ ಅವರ ಬಾಳಿನಲ್ಲಿ ಪ್ರವೇಶಿಸಿದ್ದು 1827ರ ಕಾಯಿಲೆಯಿಂದ. ವೈದ್ಯರು ಅದನ್ನು ಶ್ವಾಸಕೋಶದ ಕ್ಷಯವೆಂದರು. 1828ರ ವಸಂತದ ಹೊತ್ತಿಗೆ ಬದುಕುವ ಆಸೆಯನ್ನೇ ಬಿಟ್ಟ ಅವರು ಸ್ನೇಹಿತರಿಗೆ ವಿದಾಯದ ಪತ್ರಗಳನ್ನು ಬರೆದರು. ಅವರಲ್ಲಿ ಒಬ್ಬರು ಸಸ್ಯವಿಜ್ಞಾನದ ಗೆಳೆಯ ಡಾ. ಆಗಸ್ಟ್ ವೈಹೆ. ಈ ಗೆಳೆಯ ಹೋಮಿಯೋಪತಿ ವೈದ್ಯರೂ ಆಗಿದ್ದರೆಂಬುದು ಬೋನಿಂಗ್‌ಹೌಸೆನ್‌ಗೆ ತಿಳಿದಿರಲಿಲ್ಲ. ವೈಹೆ ರೋಗದ ಲಕ್ಷಣಗಳನ್ನು ವಿವರವಾಗಿ ಬರೆಯಿಸಿಕೊಂಡು ಪಲ್ಸಟಿಲ್ಲಾ ಎಂಬ ಔಷಧವನ್ನು ಸೂಚಿಸಿದರು. ಬೇಸಿಗೆ ಕಳೆಯುವ ವೇಳೆಗೆ ರೋಗಿ ಚೇತರಿಸಿಕೊಂಡಿದ್ದರು.

ಈ ಪ್ರಸಂಗವನ್ನು ಹೋಮಿಯೋಪತಿಯ ಪುಸ್ತಕಗಳು ಪವಾಡವೆಂಬಂತೆ ನಿರೂಪಿಸುತ್ತವೆ. ನನಗೆ ಇಲ್ಲಿ ಸ್ವಲ್ಪ ನಿಧಾನಿಸಬೇಕೆನಿಸುತ್ತದೆ. ಕ್ಷಯದ ರೋಗಾಣುವನ್ನು ರಾಬರ್ಟ್ ಕಾಕ್ ಗುರುತಿಸಿದ್ದು 1882ರಲ್ಲಿ. ಅದಕ್ಕೂ ಅರ್ಧ ಶತಮಾನ ಮುಂಚೆ ಎದೆಗೆ ಕಿವಿಗೊಟ್ಟು ಹೇಳಿದ ರೋಗದ ಹೆಸರು ಎಷ್ಟು ನಿಜವೆಂದು ನಿರ್ಣಯಿಸುವ ದಾರಿ ಇಲ್ಲ. ಕ್ಷಯವೇ ಆಗಿದ್ದರೂ ಕೆಲವರಲ್ಲಿ ಅದು ತಾನಾಗಿ ತಗ್ಗುವುದುಂಟು. ಇಂದು ಎರಡು ವಾರ ಮೀರಿದ ಕೆಮ್ಮಿಗೆ ಬಳ್ಳಾರಿ, ಸಿರುಗುಪ್ಪದ ಸರ್ಕಾರಿ ಆಸ್ಪತ್ರೆಗಳಲ್ಲಿ ಕಫದ ಪರೀಕ್ಷೆ ಉಚಿತವಾಗಿ ಆಗುತ್ತದೆ, ಔಷಧವೂ ಉಚಿತ. ಬೋನಿಂಗ್‌ಹೌಸೆನ್‌ಗೆ ಆ ಭಾಗ್ಯವಿರಲಿಲ್ಲ. ಆಗಿನ ವೈದ್ಯರು ರಕ್ತ ತೆಗೆಯುವುದು, ಭೇದಿ ಮಾಡಿಸುವುದು, ಜಿಗಣೆ ಹಚ್ಚುವುದು ಇಂಥ ಉಪಚಾರಗಳಿಂದ ರೋಗಿಯನ್ನು ಇನ್ನಷ್ಟು ಬಳಲಿಸುತ್ತಿದ್ದರು. ಅದಕ್ಕೆ ಹೋಲಿಸಿದರೆ ಏನನ್ನೂ ಮಾಡದ ಗುಳಿಗೆಯೂ ಲಾಭವೇ. ಬುದ್ಧಿವಂತನಾದ ಕಾನೂನು ಪಂಡಿತನೊಬ್ಬ ಹೋಮಿಯೋಪತಿಗೆ ಒಲಿದದ್ದು ಮೂಢತನದಿಂದಲ್ಲ ಎಂಬುದನ್ನು ಹೇಳಲೇಬೇಕು.

ಚೇತರಿಸಿಕೊಂಡವರೇ ಅವರು ಹೋಮಿಯೋಪತಿಯ ಸ್ಥಾಪಕ ಸ್ಯಾಮ್ಯುಯೆಲ್ ಹಾನಿಮನ್ ಅವರೊಡನೆ ಪತ್ರವ್ಯವಹಾರ ಆರಂಭಿಸಿದರು. ಹಾನಿಮನ್ ಪದ್ಧತಿಯಲ್ಲಿ ಆಗ ಒಂದು ದೊಡ್ಡ ತೊಡಕಿತ್ತು. ಆರೋಗ್ಯವಂತರಿಗೆ ಔಷಧ ಕೊಟ್ಟು, ಅವರಲ್ಲಿ ಕಂಡ ಲಕ್ಷಣಗಳನ್ನೆಲ್ಲ ಬರೆದಿಟ್ಟು, ಅದೇ ಲಕ್ಷಣವುಳ್ಳ ರೋಗಿಗೆ ಆ ಔಷಧ ಕೊಡುವುದು ಅದರ ತತ್ತ್ವ. ಒಂದೊಂದು ಔಷಧದ ಕೆಳಗೂ ನೂರಾರು ಲಕ್ಷಣಗಳು. ಔಷಧದ ಹೆಸರು ಗೊತ್ತಿದ್ದವನಿಗೆ ಲಕ್ಷಣ ಸಿಗುತ್ತದೆ. ಆದರೆ ವೈದ್ಯನ ಮುಂದೆ ಕುಳಿತ ರೋಗಿ ಲಕ್ಷಣವನ್ನು ಹೇಳುತ್ತಾನೆ, ಔಷಧವನ್ನಲ್ಲ. ಖಾತೆದಾರರ ಹೆಸರಿನ ಪುಸ್ತಕ ಮಾತ್ರ ಇದ್ದು, ಸರ್ವೆ ನಂಬರಿನ ಪುಸ್ತಕವೇ ಇಲ್ಲದ ಗ್ರಾಮವನ್ನು ಕಲ್ಪಿಸಿಕೊಳ್ಳಿ. ಹಾನಿಮನ್ 1805ರ ತಮ್ಮ ಲ್ಯಾಟಿನ್ ಗ್ರಂಥದ ಎರಡನೆಯ ಭಾಗದಲ್ಲಿ ಒಂದು ಸೂಚಿಯನ್ನು ಕೊಟ್ಟಿದ್ದರು. ಔಷಧಗಳೂ ಲಕ್ಷಣಗಳೂ ಬೆಳೆದಂತೆ ಅದು ಸಾಲದಾಯಿತು.

ಈ ಕೊರತೆ ಭೂದಾಖಲೆಯ ಅಧಿಕಾರಿಯ ಕಣ್ಣಿಗೆ ಬೀಳದಿರುತ್ತದೆಯೇ? 1832ರಲ್ಲಿ ಬೋನಿಂಗ್‌ಹೌಸೆನ್ ತಮ್ಮ ಮೊದಲ ರೆಪರ್ಟರಿಯನ್ನು ಹಾನಿಮನ್ ಅವರ ಮುನ್ನುಡಿಯೊಡನೆ ಹೊರತಂದರು. 1835ರಲ್ಲಿ ಉಳಿದ ಔಷಧಗಳ ಕುರಿತ ಇನ್ನೊಂದು ಸಂಪುಟ ಬಂತು. ಶರೀರದ ಭಾಗಗಳ ಪ್ರಕಾರ ವಿಂಗಡಣೆ, ಅದರೊಳಗೆ ಲಕ್ಷಣಗಳ ಶೀರ್ಷಿಕೆಗಳು, ಒಂದೊಂದು ಶೀರ್ಷಿಕೆಯ ಕೆಳಗೂ ಔಷಧಗಳ ಹ್ರಸ್ವನಾಮಗಳು ಅಕ್ಷರಕ್ರಮದಲ್ಲಿ. 1846ರಲ್ಲಿ ಬಂದ ‘ಚಿಕಿತ್ಸಾ ಕೈಪಿಡಿ’ ಅವರ ಪರಿಪಕ್ವ ಕೃತಿ.

ಅದರ ವಿಧಾನ ಸ್ವಾರಸ್ಯಕರವಾದುದು. ರೋಗಿ ತಲೆನೋವೆಂದರೆ ಆ ಒಂದು ಮಾತನ್ನು ನಾಲ್ಕಾಗಿ ಒಡೆಯಬೇಕು: ನೋವು ಎಲ್ಲಿ, ಯಾವ ಬಗೆಯದು, ಯಾವಾಗ ಹೆಚ್ಚುತ್ತದೆ ಅಥವಾ ತಗ್ಗುತ್ತದೆ, ಜೊತೆಗೆ ಇನ್ನೇನಿದೆ. ಅಲುಗಾಡಿದರೆ ಹೆಚ್ಚುವ ನೋವೆಂದರೆ ಬ್ರಯೋನಿಯಾ ಮುಂದೆ ಬರುತ್ತದೆ. ಬಯಲ ಗಾಳಿಗೆ ಹೋದರೆ ಹಿತವೆಂದರೆ ಪಲ್ಸಟಿಲ್ಲಾ. ನಮ್ಮ ಕಾಸರಕದ ಬೀಜದಿಂದ ಮಾಡುವ ನಕ್ಸ್ ವಾಮಿಕಾ ಹತ್ತಾರು ಶೀರ್ಷಿಕೆಗಳ ಕೆಳಗೆ ಇಣುಕುತ್ತದೆ. ನಾಲ್ಕೂ ಕಡೆ ಹೆಚ್ಚು ಬಾರಿ, ಹೆಚ್ಚು ದರ್ಜೆಯಲ್ಲಿ ಕಾಣಿಸಿಕೊಂಡ ಔಷಧವನ್ನು ಆಯಬೇಕು. ದರ್ಜೆಯನ್ನು ತೋರಿಸಲು ಅವರು ಅಚ್ಚಿನ ಅಕ್ಷರಗಳನ್ನೇ ಬಳಸಿದರು: ಬಲವಾದ ಸಂಬಂಧಕ್ಕೆ ಎದ್ದುಕಾಣುವ ಅಕ್ಷರ, ದುರ್ಬಲವಾದದ್ದಕ್ಕೆ ಸಾದಾ ಅಕ್ಷರ, ಸಂಶಯವಿದ್ದರೆ ಆವರಣ ಚಿಹ್ನೆ. ಜಮೀನಿಗೆ ದರ್ಜೆ ಕಟ್ಟಿದ ಕೈ ಇಲ್ಲಿ ಔಷಧಕ್ಕೆ ದರ್ಜೆ ಕಟ್ಟುತ್ತಿತ್ತು.

ಇನ್ನೊಂದು ಹೆಜ್ಜೆ ಮುಂದೆ ಹೋಗಿ ಅವರು ವಿವಾದಕ್ಕೂ ಗುರಿಯಾದರು. ಎಲ್ಲ ರೋಗಿಗಳೂ ನಾಲ್ಕು ಪ್ರಶ್ನೆಗೂ ಉತ್ತರ ಹೇಳುವುದಿಲ್ಲ. ಔಷಧಪರೀಕ್ಷೆಯ ದಾಖಲೆಗಳಲ್ಲೂ ಖಾಲಿ ಜಾಗಗಳಿದ್ದವು. ಒಂದು ಔಷಧದಲ್ಲಿ ಮೊಣಕಾಲಿನ ನೋವು ಚಳಿಗೆ ಹೆಚ್ಚುವುದಾದರೆ, ಅದೇ ಔಷಧದ ಇತರ ನೋವುಗಳೂ ಚಳಿಗೆ ಹೆಚ್ಚುತ್ತವೆಂದು ಅವರು ಸಾಮಾನ್ಯೀಕರಿಸಿದರು. ಅಮೆರಿಕದ ಜೇಮ್ಸ್ ಟೈಲರ್ ಕೆಂಟ್ ಇದನ್ನು ಒಪ್ಪಲಿಲ್ಲ. 1897ರಿಂದ ಕಂತುಗಳಲ್ಲಿ ಪ್ರಕಟವಾದ ಕೆಂಟ್‌ನ ಬೃಹತ್ ರೆಪರ್ಟರಿ ಬಿಡಿಬಿಡಿ ಲಕ್ಷಣಗಳಿಗೇ ಹೆಚ್ಚು ಮನ್ನಣೆ ನೀಡಿತು. ಹೋಮಿಯೋಪತಿಯೊಳಗಿನ ಈ ಜಗಳದಲ್ಲಿ ನಾನು ಕೆಂಟ್‌ನ ಕಡೆ. ಪಕ್ಕದ ಹೊಲವನ್ನು ನೋಡಿ ಈ ಹೊಲದ ಕಲಮನ್ನು ತುಂಬುವ ಗ್ರಾಮಲೆಕ್ಕಿಗನನ್ನು ಯಾವ ತಹಸೀಲ್ದಾರನೂ ಮನ್ನಿಸುವುದಿಲ್ಲ.

ಅದಕ್ಕಿಂತ ಮೂಲಭೂತವಾದ ಪ್ರಶ್ನೆ ಬೇರೆ ಇದೆ. ದರ್ಜೆಗೆ ಆಧಾರವೇನು? ವೈದ್ಯ ಔಷಧ ಕೊಟ್ಟ, ರೋಗಿ ಗುಣಮುಖನಾದ, ದರ್ಜೆ ಏರಿತು. ಔಷಧವಿಲ್ಲದೆಯೂ ಆತ ಗುಣಮುಖನಾಗುತ್ತಿದ್ದನೇ ಎಂದು ಕೇಳುವ ಕಲಮು ಆ ಪುಸ್ತಕದಲ್ಲಿಲ್ಲ. ಅರ್ಥಶಾಸ್ತ್ರದ ವಿದ್ಯಾರ್ಥಿ ಮೊದಲು ಕೇಳುವುದೇ ಇದನ್ನು. ಆ ಕಾಲದಲ್ಲಿ ಇದು ಯಾರಿಗೂ ಹೊಳೆದಿರಲಿಲ್ಲವೆನ್ನುವಂತಿಲ್ಲ. ಬೋನಿಂಗ್‌ಹೌಸೆನ್ ಅವರ ಎರಡನೆಯ ಸಂಪುಟ ಬಂದ 1835ರಲ್ಲೇ ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ಒಂದು ಬಹಿರಂಗ ಪರೀಕ್ಷೆ ನಡೆಯಿತು. ನೂರು ಸೀಸೆಗಳಿಗೆ ಸಂಖ್ಯೆ ಹಾಕಿ, ಕಲಸಿ, ಅರ್ಧದಲ್ಲಿ ಬರಿಯ ಹಿಮದ ನೀರು, ಉಳಿದರ್ಧದಲ್ಲಿ ಹೋಮಿಯೋಪತಿಯ ಕ್ರಮದಲ್ಲಿ ದುರ್ಬಲಗೊಳಿಸಿದ ಉಪ್ಪಿನ ದ್ರಾವಣ ತುಂಬಿದರು. ಯಾವುದರಲ್ಲಿ ಏನಿದೆಯೆಂದು ಕುಡಿದವರಿಗೂ ತಿಳಿಯದು, ಹಂಚಿದವರಿಗೂ ತಿಳಿಯದು. ವರದಿ ಕೊಟ್ಟ 50 ಮಂದಿಯಲ್ಲಿ 42 ಜನರಿಗೆ ಏನೂ ಆಗಿರಲಿಲ್ಲ. ಏನೋ ಆಯಿತೆಂದ ಎಂಟು ಜನರಲ್ಲಿ ಐವರು ದ್ರಾವಣ ಕುಡಿದವರು, ಮೂವರು ಬರಿ ನೀರು ಕುಡಿದವರು. 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ, 110 ಹೋಮಿಯೋಪತಿ ಪ್ರಯೋಗಗಳ ತುಲನೆಯೂ, 2015ರಲ್ಲಿ ಆಸ್ಟ್ರೇಲಿಯದ ಆರೋಗ್ಯ ಸಂಶೋಧನಾ ಮಂಡಳಿ ನಡೆಸಿದ ಪರಿಶೀಲನೆಯೂ ತಲುಪಿದ ತೀರ್ಮಾನ ಇದಕ್ಕಿಂತ ಬಹಳ ದೂರವೇನಲ್ಲ. ಪಹಣಿ ಎಷ್ಟೇ ಅಚ್ಚುಕಟ್ಟಾಗಿದ್ದರೂ ಹೊಲದಲ್ಲಿ ಬೆಳೆ ಇದೆಯೆಂಬುದಕ್ಕೆ ಅದೊಂದೇ ಪುರಾವೆಯಾಗುವುದಿಲ್ಲ.

ಆದರೂ ಈ ಪುಸ್ತಕಗಳ ಆಕರ್ಷಣೆ ನಮ್ಮಲ್ಲಿ ಕಡಿಮೆಯಾಗಲಿಲ್ಲ. ಜರ್ಮನ್ ಜೆಸ್ವಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಮಂಗಳೂರಿನ ಕಂಕನಾಡಿಯಲ್ಲಿ ಬಡವರಿಗಾಗಿ ಹೋಮಿಯೋಪತಿ ಔಷಧಾಲಯ ತೆರೆದರು. ಅದು ಬೆಳೆದು ದೊಡ್ಡ ಸಂಸ್ಥೆಯಾಯಿತು. ನಮ್ಮ ಬಳ್ಳಾರಿಯಂಥ ಊರುಗಳಲ್ಲಿಯೂ ಗುಮಾಸ್ತರು, ಉಪಾಧ್ಯಾಯರು, ವಕೀಲರು ಗುಳಿಗೆಗಳ ಪೆಟ್ಟಿಗೆ ಇಟ್ಟುಕೊಂಡು ನೆರೆಯವರಿಗೆ ಕಾಸು ಪಡೆಯದೆ ಔಷಧ ಕೊಡುತ್ತಿದ್ದುದನ್ನು ನನ್ನ ವಯಸ್ಸಿನವರು ಕಂಡಿದ್ದಾರೆ. ಪೆಟ್ಟಿಗೆಯ ಪಕ್ಕದಲ್ಲಿರುತ್ತಿದ್ದುದು ಹೆಚ್ಚಾಗಿ ವಿಲಿಯಂ ಬೋರಿಕ್ ಅವರ ಕೈಪಿಡಿ. 1901ರಲ್ಲಿ ಮೊದಲು ಅಚ್ಚಾದ ಆ ಪುಸ್ತಕ ಇಂಗ್ಲಿಷ್ ಅಕ್ಷರಮಾಲೆಯ ಮೊದಲಿನಿಂದ ಕೊನೆಯವರೆಗೂ ಔಷಧಗಳನ್ನು ಜೋಡಿಸಿಟ್ಟಿದೆ. ಅದರ 1927ರ ಆವೃತ್ತಿಗೆ ರೆಪರ್ಟರಿಯೂ ಸೇರಿತ್ತು. ಅಕ್ಷರ ಬಲ್ಲವನಿಗೆ ಔಷಧ ಬಲ್ಲೆನೆಂಬ ಧೈರ್ಯವನ್ನು ಕೊಡುವ ಪುಸ್ತಕ ಇದು. ನೆಗಡಿಗೆ, ಸಣ್ಣ ಹೊಟ್ಟೆನೋವಿಗೆ ಆ ಧೈರ್ಯದಿಂದ ಹಾನಿಯಿಲ್ಲ. ಇಳಿಯದ ಜ್ವರ, ಮಗುವಿನ ವಾಂತಿಭೇದಿ, ತೂಕ ಇಳಿಸುವ ಕೆಮ್ಮು ಇವುಗಳ ಮುಂದೆ ಪುಟ ತಿರುವುತ್ತ ಕುಳಿತ ಒಂದೊಂದು ದಿನವೂ ದುಬಾರಿ. ಸಿರುಗುಪ್ಪ, ಕುರುಗೋಡಿನ ಹಳ್ಳಿಗಳಿಂದ ತಡವಾಗಿ ಜಿಲ್ಲಾ ಆಸ್ಪತ್ರೆ ಸೇರುವವರೆಲ್ಲ ಹೋಮಿಯೋಪತಿಯಿಂದ ಕೆಟ್ಟವರಲ್ಲ, ದೂರ ಮತ್ತು ಖರ್ಚೇ ಹೆಚ್ಚಿನ ಕಾರಣ. ಆದರೆ ಮನೆಯ ಪುಸ್ತಕವೂ ಆ ತಡಕ್ಕೆ ಸೇರಬಾರದು.

ಬೋನಿಂಗ್‌ಹೌಸೆನ್ ಅವರಿಗೂ ವೈದ್ಯ ಪದವಿ ಇರಲಿಲ್ಲ. ಆದರೂ ರೋಗಿಗಳು ಬರುತ್ತಲೇ ಇದ್ದರು. ಕವಯಿತ್ರಿ ಆನೆಟ್ ಫಾನ್ ಡ್ರೋಸ್ಟೆ-ಹ್ಯೂಲ್ಸ್‌ಹಾಫ್ 1829ರಿಂದ ಅವರ ಚಿಕಿತ್ಸೆ ಪಡೆದರು. ಯೂರೋ ಬರುವ ಮುನ್ನ ಜರ್ಮನಿಯ 20 ಮಾರ್ಕಿನ ನೋಟಿನ ಮೇಲೆ ಇದ್ದದ್ದು ಇವರ ಚಿತ್ರವೇ. ಪದವೀಧರ ವೈದ್ಯರ ಅಸಮಾಧಾನ ಸಹಜವಾಗಿತ್ತು. ಕೊನೆಗೆ ದೊರೆ ನಾಲ್ಕನೆಯ ಫ್ರೆಡರಿಕ್ ವಿಲಿಯಂ 1843ರ ಜುಲೈ 11ರಂದು ಅವರಿಗೆ ವೈದ್ಯವೃತ್ತಿಗೆ ವಿಶೇಷ ಅನುಮತಿ ನೀಡಿದ. ಹಾನಿಮನ್ ಪ್ಯಾರಿಸ್‌ನಲ್ಲಿ ತೀರಿಕೊಂಡು ಆಗ ಒಂಬತ್ತು ದಿನಗಳಾಗಿದ್ದವು. ರಾಜಾಜ್ಞೆಯಿಂದ ಅರ್ಹತೆ ಬರುವುದು ಒಳ್ಳೆಯ ಆಡಳಿತದ ಲಕ್ಷಣವಲ್ಲ. ನಮ್ಮಲ್ಲಿ 1973ರ ಕಾಯ್ದೆ, ಈಗ 2020ರ ರಾಷ್ಟ್ರೀಯ ಹೋಮಿಯೋಪತಿ ಆಯೋಗದ ಕಾಯ್ದೆ ಶಿಕ್ಷಣ ಮತ್ತು ನೋಂದಣಿಗೆ ಕಟ್ಟುಪಾಡು ವಿಧಿಸಿವೆ ಎಂಬುದೇ ಸಮಾಧಾನ.

1864ರ ಜನವರಿ 26ರಂದು, 78ರ ವಯಸ್ಸಿನಲ್ಲಿ ಅವರು ಮ್ಯೂನ್‌ಸ್ಟರ್‌ನಲ್ಲಿ ನಿಧನರಾದರು. ಹೋಮಿಯೋಪತಿ ವೈದ್ಯನಾಗಿದ್ದ ಮಗ ಕಾರ್ಲ್, ಹಾನಿಮನ್ ಅವರ ವಿಧವೆ ಮೆಲನಿಯ ದತ್ತುಪುತ್ರಿಯನ್ನು ವರಿಸಿದ್ದ. ಹೀಗಾಗಿ ಹಾನಿಮನ್ ಅವರ ಮುಖ್ಯ ಗ್ರಂಥ ‘ಆರ್ಗನಾನ್’ನ ಆರನೆಯ ಆವೃತ್ತಿಯ ಹಸ್ತಪ್ರತಿ ಬೋನಿಂಗ್‌ಹೌಸೆನ್ ಕುಟುಂಬದ ವಶಕ್ಕೆ ಬಂತು. 1920ರಲ್ಲಿ ರಿಚರ್ಡ್ ಹೇಲ್ ಅದನ್ನು ಕೊಂಡು, ಆಮೇಲೆ ಪ್ರಕಟಿಸಿದರು. ಹಣ ಒದಗಿಸಿದವರಲ್ಲಿ ಕೈಪಿಡಿಯ ಕರ್ತೃ ಬೋರಿಕ್ ಕೂಡ ಒಬ್ಬರು. ಬೋನಿಂಗ್‌ಹೌಸೆನ್ ತಮ್ಮ ರೋಗಿಗಳ ಬಗ್ಗೆ ದಶಕಗಳ ಕಾಲ ಬರೆದಿಟ್ಟ ದಿನಚರಿ ಪುಸ್ತಕಗಳು ಸ್ಟುಟ್‌ಗಾರ್ಟ್‌ನ ವೈದ್ಯಕೀಯ ಇತಿಹಾಸ ಸಂಸ್ಥೆಯಲ್ಲಿವೆ. ಇತಿಹಾಸಕಾರರು ಇಂದು ಅವುಗಳನ್ನು ಓದುವುದು ಯಾವ ಔಷಧ ಫಲಿಸಿತೆಂದು ತಿಳಿಯಲು ಅಲ್ಲ. ಆ ಸೀಮೆಯಲ್ಲಿ ಯಾವ ಕಸುಬಿನವರು, ಯಾವ ವಯಸ್ಸಿನವರು, ಯಾವ ಕಾಯಿಲೆ ಹೊತ್ತು ಅವರ ಬಾಗಿಲಿಗೆ ಬಂದರೆಂದು ಲೆಕ್ಕ ಹಾಕಲು.