ಸೋರುವ ಮನೆಯಲ್ಲಿ ಸಕ್ಕರೆಯ ಗುಟ್ಟು ಬಿಡಿಸಿದ ಲೆಲೊಯಿರ್

ಕೆರೆಯ ನೀರನ್ನು ಹಸಿರಾಗಿಸುವ ನೀಲಿಹಸಿರು ಬ್ಯಾಕ್ಟೀರಿಯಾಗಳಲ್ಲಿ ಹಲವು ಬಿಸಿಲಿನ ಬಲದಿಂದ ನಮ್ಮ ಕಬ್ಬಿನಲ್ಲಿರುವ ಸಕ್ಕರೆಯನ್ನೇ ತಯಾರಿಸುತ್ತವೆ. ಈ ತಯಾರಿಕೆಯ ಹಾದಿ ಮೊದಲು ತಿಳಿದದ್ದು ಅರ್ಜೆಂಟೀನಾದ ಲೂಯಿಸ್ ಫೆಡೆರಿಕೊ ಲೆಲೊಯಿರ್ ಅವರಿಂದ.

1906ರ ಸೆಪ್ಟೆಂಬರ್ 6ರಂದು ಪ್ಯಾರಿಸ್‌ನಲ್ಲಿ ಜನಿಸಿದ ಅವರು ತಂದೆಯ ಮುಖ ನೋಡಲಿಲ್ಲ. ಬೆಳೆದದ್ದು ಬ್ಯೂನಸ್ ಐರಿಸ್‌ನಲ್ಲಿ. ದೊಡ್ಡ ಜಮೀನುದಾರರ ಮನೆತನ, ಹೊಟ್ಟೆಪಾಡಿಗೆ ದುಡಿಯುವ ಅಗತ್ಯವೇ ಇರಲಿಲ್ಲ. 1932ರಲ್ಲಿ ವೈದ್ಯರಾದರೂ ರೋಗಿಗಳಿಗೆ ತಾವು ಕೊಡುವ ಚಿಕಿತ್ಸೆ ಅವರಿಗೇ ತೃಪ್ತಿ ತರಲಿಲ್ಲ. ಬರ್ನಾರ್ಡೊ ಹುಸೇ ಎಂಬ ಗುರುವಿನ ಬಳಿ ಸಂಶೋಧನೆಗೆ ಸೇರಿದರು.

1943ರಲ್ಲಿ ಪ್ರಜಾಪ್ರಭುತ್ವದ ಪರವಾದ ಮನವಿಗೆ ಸಹಿ ಹಾಕಿದ್ದಕ್ಕೆ ಸೇನಾ ಸರ್ಕಾರ ಹುಸೇ ಅವರನ್ನು ಕೆಲಸದಿಂದ ತೆಗೆಯಿತು. ಲೆಲೊಯಿರ್ ಸುಮ್ಮನಿದ್ದಿದ್ದರೆ ಅವರ ಕುರ್ಚಿಗೆ ಧಕ್ಕೆ ಇರಲಿಲ್ಲ. ಆದರೆ ಅವರೂ ರಾಜೀನಾಮೆ ಕೊಟ್ಟು, ಹೊಸದಾಗಿ ಮದುವೆಯಾದ ಪತ್ನಿ ಅಮೇಲಿಯಾ ಜೊತೆ ಅಮೆರಿಕಕ್ಕೆ ಹೋದರು.

ಮರಳಿದ ಮೇಲೆ, 1947ರಲ್ಲಿ ಜವಳಿ ಉದ್ಯಮಿ ಹೈಮೆ ಕಂಪೊಮಾರ್ ಅವರ ನೆರವಿನಿಂದ ಹಳೆಯ ಮನೆಯೊಂದರಲ್ಲಿ ಪ್ರಯೋಗಾಲಯ ತೆರೆಯಿತು. ಮಳೆ ಬಂದರೆ ಮಾಡು ಸೋರುತ್ತಿತ್ತು. ಪುಸ್ತಕ ನೆನೆಯದಂತೆ ಲೆಲೊಯಿರ್ ತಾವೇ ದೋಣಿ ಕಟ್ಟಿದರು. ವೇಗವಾಗಿ ತಿರುಗುವ ಸೆಂಟ್ರಿಫ್ಯೂಜ್ ಯಂತ್ರವನ್ನು ತಂಪಾಗಿಡಲು ಟಯರಿನ ಟ್ಯೂಬಿಗೆ ಐಸು ತುಂಬಿದರು. ಕೂರುತ್ತಿದ್ದ ಕುರ್ಚಿಗೂ ಹಗ್ಗದ ಬಿಗಿತವೇ ಆಧಾರ. ಸಿರಿವಂತರ ಮಗ ಎಂದು ಯಾರೂ ಹೇಳುವಂತಿರಲಿಲ್ಲ!

ಅಲ್ಲಿಯೇ ಅವರ ತಂಡ ಯುಡಿಪಿ-ಗ್ಲೂಕೋಸ್ ಎಂಬ ವಸ್ತುವನ್ನು ಗುರುತಿಸಿತು. ಜೀವಕೋಶದಲ್ಲಿ ಗ್ಲೂಕೋಸನ್ನು ಹೊತ್ತು ಬೇಕಾದಲ್ಲಿಗೆ ಕೊಡುವ ಗಾಡಿ ಇದು. 1955ರಲ್ಲಿ ಕಾರ್ಲೋಸ್ ಕಾರ್ಡಿನಿ ಮುಂತಾದವರ ಜೊತೆ ಗೋಧಿಯ ಮೊಳಕೆಭಾಗದಲ್ಲಿ ಇನ್ನೊಂದು ಸಂಗತಿ ಕಂಡರು. ಒಂದು ಕಿಣ್ವ ಈ ಗ್ಲೂಕೋಸನ್ನು ಫಾಸ್ಫೇಟ್ ಅಂಟಿದ ಫ್ರಕ್ಟೋಸಿಗೆ ಜೋಡಿಸುತ್ತದೆ. ಮತ್ತೊಂದು ಕಿಣ್ವ ಆ ಫಾಸ್ಫೇಟನ್ನು ಕಳಚಿದರೆ ಉಳಿಯುವುದು ಸಕ್ಕರೆ, ಅಂದರೆ ಸುಕ್ರೋಸ್.

1970ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಅವರೊಬ್ಬರಿಗೇ ಸಂದಿತು. 1987ರ ಡಿಸೆಂಬರ್ 2ರಂದು ಬ್ಯೂನಸ್ ಐರಿಸ್‌ನಲ್ಲಿ ಕೊನೆಯುಸಿರೆಳೆದರು.

ಒಂಬತ್ತು ವರ್ಷಗಳ ನಂತರ, 1996ರಲ್ಲಿ, ಜಪಾನಿನ ವಿಜ್ಞಾನಿಗಳು ಸಿನೆಕೊಸಿಸ್ಟಿಸ್ ಎಂಬ ನೀಲಿಹಸಿರು ಬ್ಯಾಕ್ಟೀರಿಯಾದ ಇಡೀ ಜೀನ್ ಸಂಕೇತವನ್ನು ಓದಿ ಮುಗಿಸಿದರು. ಲೆಲೊಯಿರ್ ಗೋಧಿಯಲ್ಲಿ ಕಂಡಿದ್ದ ಬಗೆಯ ಜೋಡಣೆಯ ಕಿಣ್ವಕ್ಕೆ ಅದರಲ್ಲೂ ಜೀನ್ ಇತ್ತು. ನೀರಿನಲ್ಲಿ ಉಪ್ಪು ಹೆಚ್ಚಾದಾಗ ಈ ಜೀವಿ ಸ್ವಲ್ಪ ಸುಕ್ರೋಸನ್ನೂ ಕೂಡಿಡುತ್ತದೆ. ಆ ಸಕ್ಕರೆಯನ್ನು ಹೊರಗೆ ಬಿಡುವಂತೆ ಇದರ ಬಳಗದ ಬ್ಯಾಕ್ಟೀರಿಯಾವೊಂದನ್ನು 2012ರಲ್ಲಿ ಅಮೆರಿಕದ ಪ್ರಯೋಗಾಲಯವೊಂದು ಮಾರ್ಪಡಿಸಿತು.